ಬೇಲಿಯಾಚೆಯ 421 ಎಕರೆ

ನೆದರ್ಲ್ಯಾಂಡ್ಸಿನ ಉಟ್ರೆಕ್ಟ್ ಪ್ರಾಂತ್ಯದಲ್ಲಿ ಲಾಘ ವ್ಯೂರ್ಷ ಎಂಬ ಪುಟ್ಟ ಹಳ್ಳಿಯಿದೆ. ಸುತ್ತ ಕಾಡು, ನಡುವೆ ಒಂದು ಬೀದಿ, ಬೀದಿಯಲ್ಲಿ ಪ್ಯಾನ್‌ಕೇಕ್ ಹೋಟೆಲುಗಳು. ಭಾನುವಾರ ಬಂತೆಂದರೆ ದೂರದೂರದವರು ಸೈಕಲ್ ತುಳಿದುಕೊಂಡು ಬಂದು, ತಟ್ಟೆಯಗಲದ ಆ ಸಿಹಿದೋಸೆಯ ಮೇಲೆ ಪಾಕ ಸುರಿದುಕೊಂಡು ತಿಂದು, ಕಾಡೊಳಗೆ ಅಡ್ಡಾಡಲು ಹೊರಟುಬಿಡುತ್ತಾರೆ. ಆ ಕಾಡಿನಂಚಿಗೆ, ನೀರು ತುಂಬಿದ ಕಂದಕದ ನಡುವೆ, ಎಂಟು ಮೂಲೆಯ ಬಿಳಿಯ ಮನೆಯೊಂದಿದೆ. ಹೆಸರು ಡ್ರಾಕೆನ್‌ಸ್ಟೈನ್. 1640ರಿಂದ 1643ರ ನಡುವೆ ಗೆರಾರ್ಡ್ ವಾನ್ ರೀಡೆ ಎಂಬ ಜಮೀನ್ದಾರ ಕಟ್ಟಿಸಿದ್ದು. ಈಗ ಅಲ್ಲಿ ಹಿಂದಿನ ರಾಣಿ ಬಿಯಾಟ್ರಿಕ್ಸ್ ವಾಸವಾಗಿದ್ದಾರೆ. ಹಾಗಾಗಿ ಮನೆಯೊಳಗೆ ಯಾರನ್ನೂ ಬಿಡುವುದಿಲ್ಲ. ಮರಗಳ ಸಂದಿಯಲ್ಲಿ ಒಂದಿಷ್ಟು ಗೋಡೆ ಕಂಡರೆ ಅದೇ ದರ್ಶನ.

ಮಗಳ ಮನೆಗೆ ಹೋದ ನಾನು ಅಲ್ಲಿಗೆ ಹೋಗಬೇಕೆಂದು ಹಟ ಹಿಡಿದದ್ದು ರಾಣಿಗಾಗಿ ಅಲ್ಲ, ಹಲಸಿನ ಹಣ್ಣಿಗಾಗಿ. ಮನೆ ಕಟ್ಟಿಸಿದ ಗೆರಾರ್ಡನ ತಮ್ಮ ಹೆಂಡ್ರಿಕ್ ವಾನ್ ರೀಡೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಮಲಬಾರಿಗೆ ಬಂದ, ಕೊಚ್ಚಿಯಲ್ಲಿ ಕಂಪನಿಯ ಗವರ್ನರ್ ಆದ. ಕರಾವಳಿಯ ಗಿಡಮರಗಳ ಮೇಲೆ ಅವನಿಗೆ ಹುಚ್ಚು ಹತ್ತಿತು. ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯರನ್ನೂ, ರಂಗಭಟ್, ವಿನಾಯಕ ಪಂಡಿತ್, ಅಪ್ಪುಭಟ್ ಎಂಬ ಮೂವರು ಕೊಂಕಣಿ ವೈದ್ಯರನ್ನೂ ಕೂರಿಸಿಕೊಂಡು 700ಕ್ಕೂ ಹೆಚ್ಚು ಸಸ್ಯಗಳ ವಿವರವನ್ನೂ ಚಿತ್ರಗಳನ್ನೂ ಬರೆಸಿದ. ಅದು 1678ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’. ಅದರಲ್ಲಿ ನಮ್ಮ ಹಲಸಿಗೂ ಜಾಗವಿದೆ. ವಾನ್ ರೀಡೆ 1691ರಲ್ಲಿ ಸೂರತ್‌ಗೆ ಹೋಗುತ್ತ ಹಡಗಿನಲ್ಲೇ ತೀರಿಕೊಂಡ. ಸೂರತ್‌ನಲ್ಲಿ ಅವನ ಗೋರಿಯಿದೆ. ಗೋರಿ ಎನ್ನುವುದಕ್ಕಿಂತ ಸಣ್ಣದೊಂದು ಅರಮನೆ ಎನ್ನಬೇಕು.

ಹಲಸು ನನಗೆ ಹತ್ತಿರ, ಏಕೆಂದರೆ ನಾನು ಹಿರೇಹಳ್ಳಿಯವನು. ತುಮಕೂರಿನಿಂದ ಬೆಂಗಳೂರಿನ ಕಡೆಗೆ ಹೋಗುವಾಗ ಹೆದ್ದಾರಿಯಲ್ಲಿ ಸಿಗುವ ನಮ್ಮ ಊರನ್ನು ಜನ ಈಗ ಕೈಗಾರಿಕಾ ಪ್ರದೇಶವೆಂದೇ ಗುರುತಿಸುತ್ತಾರೆ. ಹಣ್ಣಿನ ಗಿಡ ಬೇಕಾದ ರೈತರಿಗೆ ಮಾತ್ರ ಹಿರೇಹಳ್ಳಿ ಎಂದರೆ ಕೇಂದ್ರೀಯ ತೋಟಗಾರಿಕೆ ಪ್ರಯೋಗ ಕೇಂದ್ರ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಶಾಖೆ ಅದು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಹೊಲದಲ್ಲಿದ್ದ ಒಂದು ಹಲಸಿನ ಮರವನ್ನು ಈ ಕೇಂದ್ರದವರು ಗುರುತಿಸಿ, ಕಸಿ ಕಟ್ಟಿ, ‘ಸಿದ್ದು’ ಹಲಸು ಎಂದು ನಾಡಿಗೆ ಕೊಟ್ಟರು. ತಾಮ್ರದ ಬಣ್ಣದ ತೊಳೆ, ಸಣ್ಣ ಹಣ್ಣು, ಸಂಸಾರಕ್ಕೆ ಒಂದು ಹಣ್ಣು ಸಾಕು. ಮರ ರೈತನದು, ಕಸಿ ಕೇಂದ್ರದ್ದು, ಗಿಡ ಮಾರಿದ ದುಡ್ಡಿನಲ್ಲಿ ರೈತನಿಗೆ ಪಾಲು. ವಾನ್ ರೀಡೆಯ ಪುಸ್ತಕಕ್ಕೆ ಮಾಹಿತಿ ಕೊಟ್ಟ ವೈದ್ಯರಿಗೆ ಸಂಪುಟದಲ್ಲಿ ಹೆಸರು ಸಿಕ್ಕಿತು. ಅಷ್ಟಾದರೂ ಸಿಕ್ಕಿತಲ್ಲ ಎನ್ನಬೇಕು, ಆ ಕಾಲಕ್ಕೆ ಅದೇ ದೊಡ್ಡದು.

ಡ್ರಾಕೆನ್‌ಸ್ಟೈನಿನ ಮನೆಯೊಳಗೆ ಬಿಡದಿದ್ದರೂ ಸುತ್ತಲಿನ ಕಾಡಿನ ಹಾದಿಗಳಲ್ಲಿ ಜನ ಆರಾಮಾಗಿ ಓಡಾಡುತ್ತಿದ್ದರು. ಖಾಸಗಿ ಎಸ್ಟೇಟುಗಳ ಬಾಗಿಲಲ್ಲಿ ಸಣ್ಣ ಫಲಕ: ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಹಾದಿ ಬಿಟ್ಟು ಕದಲದೆ ನಡೆಯಬಹುದು. ಅಳಿಯ ವಿವರಿಸಿದ: ಇಲ್ಲಿ 1928ರದ್ದೊಂದು ಕಾಯಿದೆ ಇದೆ. ಹಳೆಯ ಮನೆ, ತೋಟ, ಕಾಡು ಸೇರಿ ಕನಿಷ್ಠ 5 ಹೆಕ್ಟೇರ್ ಇರುವ ಎಸ್ಟೇಟನ್ನು ಒಡೆಯದೆ, ಮಾರದೆ 25 ವರ್ಷ ಇದ್ದ ಹಾಗೇ ಇಟ್ಟುಕೊಂಡರೆ ವಾರಸುದಾರರಿಗೆ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ. ಜನರಿಗೂ ತೆರೆದಿಟ್ಟರೆ ಇನ್ನೂ ಹೆಚ್ಚು. ಮಲಬಾರಿನ ಮೆಣಸು, ಬಸರೂರಿನ ಅಕ್ಕಿ, ಸಿಲೋನಿನ ದಾಲ್ಚಿನ್ನಿ ಮಾರಿ ಗಳಿಸಿದ ದುಡ್ಡಿನಲ್ಲಿ ಅಲ್ಲಿನ ವ್ಯಾಪಾರಿಗಳು ಊರಾಚೆ ಕಟ್ಟಿಕೊಂಡ ಎಷ್ಟೋ ಬಂಗಲೆಗಳು ಈಗಲೂ ನಿಂತಿರುವುದಕ್ಕೆ ಪರಂಪರೆಯ ಮೇಲಿನ ಪ್ರೀತಿಯಷ್ಟೇ ಕಾರಣವಲ್ಲ. ಲೆಕ್ಕಾಚಾರವೂ ಇದೆ.

ನಮ್ಮ ಕಡೆ ಇಂಥದ್ದು ಏನಿದೆ? ಕಾಫಿ ಸೀಮೆಯ ಬಂಗಲೆಗಳನ್ನು ಬಿಟ್ಟರೆ ತುಮಕೂರು ಸೀಮೆಯಲ್ಲಿ ಜಮೀನ್ದಾರಿ ಮಹಲುಗಳು ಹೆಚ್ಚಿಲ್ಲ. ಒಂದೇ ಉದ್ದೇಶಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬಳಕೆಯಾದ, ಒಡೆಯರು ಬದಲಾದರೂ ಒಡೆಯದೆ ಉಳಿದ ಒಂದು ದೊಡ್ಡ ಎಸ್ಟೇಟ್ ಇದೆ, ಅದು ಕುಣಿಗಲ್ಲಿನ ಕುದುರೆ ಫಾರಂ. ಬಸ್ಸಿನಲ್ಲಿ ಓಡಾಡುವಾಗ ಎಷ್ಟೋ ಸಲ ಪಕ್ಕದಲ್ಲೇ ಹಾದು ಹೋಗಿದ್ದೆ. ಒಳಗೆ ಹೋಗಬೇಕೆಂಬ ಯೋಚನೆ ಬಂದದ್ದು ಪರದೇಶದ ಗೇಟಿನ ಮುಂದೆ.

ಊರಿಗೆ ಮರಳಿದ ಮೇಲೆ ಪರಿಚಯದ ಪಶುವೈದ್ಯರೊಬ್ಬರಿಗೆ ದುಂಬಾಲು ಬಿದ್ದೆ. “ಒಳಗೆ ಬಿಡೋದು ಕಷ್ಟ ಕಣ್ರೀ, ಕುದುರೆಗಳಿಗೆ ಸೋಂಕು ತಗುಲಬಾರದು ಅಂತ ಕಟ್ಟುನಿಟ್ಟು” ಎಂದವರು ಕಡೆಗೆ ಹೇಗೋ ಒಪ್ಪಿಗೆ ಕೊಡಿಸಿದರು. ಫೋಟೊ ತೆಗೆಯಬಾರದು, ಲಾಯದ ಬಾಗಿಲಲ್ಲಿ ಬೂಟು ಔಷಧದ ನೀರಿನಲ್ಲಿ ಅದ್ದಬೇಕು, ಗಟ್ಟಿಯಾಗಿ ಮಾತಾಡಬಾರದು. ಕೊನೆಯ ಷರತ್ತು ನನ್ನಂಥವನಿಗೆ ಕಷ್ಟದ್ದೇ.

ಹಿರೇಹಳ್ಳಿಯಿಂದ ತುಮಕೂರಿಗೆ ಬಂದು ಕುಣಿಗಲ್ ರಸ್ತೆ ಹಿಡಿದರೆ ಮೊದಲು ಸಿಗುವುದು ಗೂಳೂರು. ಊರಿಗೆಲ್ಲ ಗಣಪತಿ ಹಬ್ಬ ಮುಗಿದ ಮೇಲೆ ಇಲ್ಲಿಯ ದೊಡ್ಡ ಗಣಪನಿಗೆ ಪೂಜೆ ಶುರು. ದೀಪಾವಳಿಯಿಂದ ಹಿಡಿದು ತಿಂಗಳುಗಟ್ಟಲೆ ನಡೆಯುತ್ತದೆ. ಪಕ್ಕದ ಕೈದಾಳದಲ್ಲಿ ಚೆನ್ನಕೇಶವನ ಗುಡಿ. ಜಕಣಾಚಾರಿಯ ಕತೆ ಕೇಳದ ಕನ್ನಡಿಗನಿಲ್ಲ, ಆದ್ದರಿಂದ ಅದನ್ನು ಬಿಡುತ್ತೇನೆ. ನಾಗವಲ್ಲಿಯ ಮರಗಳಲ್ಲಿ ಕಾಡುಪಾಪಗಳಿವೆ. ಅವು ರಾತ್ರಿ ಎದ್ದು ಓಡಾಡುವ ಪ್ರಾಣಿಗಳು, ಹಗಲಿನ ಪ್ರಯಾಣಿಕನಿಗೆ ಸಿಗುವುದಿಲ್ಲ. ಹೆಬ್ಬೂರು ದಾಟಿದ ಮೇಲೆ ತೆಂಗು, ರಾಗಿ, ಮತ್ತೆ ತೆಂಗು. ಅಡಿಕೆಯೂ ಈಗ ಬೇಕಾದಷ್ಟು.

ಕುಣಿಗಲ್ ಎಂದರೆ ಕೆರೆ. ಆ ಕೆರೆಯ ಜನಪದ ಹಾಡನ್ನು ಸಿ. ಅಶ್ವತ್ಥ್ ಅವರ ಕಾಲದವರಿಗೆ ಮಾತ್ರವಲ್ಲ, ಇಂದಿನ ಶಾಲೆಯ ಮಕ್ಕಳಿಗೂ ಹೇಳಿಕೊಡಬೇಕಿಲ್ಲ. ಆದರೆ ಹಾಡಿನಿಂದ ಕೆರೆ ಗೊತ್ತಾದಷ್ಟು ಊರವರಿಗೆ ಊರಿನ ಪಕ್ಕದ ಫಾರಂ ಗೊತ್ತಿಲ್ಲ. ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಕೇಳಿದೆ. ಒಬ್ಬರು “ಮಲ್ಯನ ಕುದ್ರೆ ಫಾರಂ” ಎಂದರು, ಇನ್ನೊಬ್ಬರು “ಟಿಪ್ಪು ಕಾಲದ್ದು” ಎಂದರು, ಮೂರನೆಯವರು “ಇನ್ನೇನ್ ಬಿಡಿ, ಲೇಔಟ್ ಆಗುತ್ತಂತೆ” ಎಂದರು. ಅದರ ಚರಿತ್ರೆಯೆಲ್ಲ ಈ ಮೂರು ಮಾತಿನೊಳಗೇ ಇದೆ, ವಿವರ ತುಂಬಿಕೊಳ್ಳಬೇಕು ಅಷ್ಟೆ.

ಒಳಗೆ ಕಾಲಿಟ್ಟೊಡನೆ ಗಮನಕ್ಕೆ ಬಂದದ್ದು ನೆರಳು. ಹೊರಗೆ ಹೆದ್ದಾರಿಯ ಧೂಳು, ಒಳಗೆ ತಬ್ಬಲಾರದಷ್ಟು ದಪ್ಪನೆಯ ಮರಗಳು. ಮರಗಳ ನಡುವೆ ಕಟಕಟೆ ಕಟ್ಟಿದ ಹುಲ್ಲಿನ ಬಯಲುಗಳು, ಒಂದೊಂದು ಬಯಲಿನಲ್ಲಿ ಒಂದಷ್ಟು ಹೆಣ್ಣು ಕುದುರೆಗಳು, ಅವುಗಳ ಬಗಲಲ್ಲಿ ಮರಿಗಳು. ಹಳೆಯ ಲಾಯವೊಂದರ ನೆರಳಿನಲ್ಲಿ ವಯಸ್ಸಾದ ಸೈಸ್ ಒಬ್ಬರು ಕೆಲಸದಲ್ಲಿದ್ದರು. ವೈದ್ಯರು ಪರಿಚಯ ಮಾಡಿಸಿದರು. “ನಮ್ಮಪ್ಪಾರೂ ಇಲ್ಲೇ ಇದ್ರು ಸ್ವಾಮಿ, ತಾತಾನೂ ಇಲ್ಲೇ. ನಾನು ಹುಟ್ಟಿದ್ದೂ ಇಲ್ಲೇ ಅನ್ನಿ” ಎಂದು ನಕ್ಕರು. ನಗುತ್ತಲೇ ಕಂದು ಬಣ್ಣದ ಕುದುರೆಯ ಹೆಗಲು ತಟ್ಟಿ, ಕೈಯನ್ನು ಕಾಲಿನುದ್ದಕ್ಕೂ ಇಳಿಸಿದರು. ಹೇಳಿದ್ದು ಕೇಳಿದಂತೆ ಅದು ಕಾಲೆತ್ತಿತು. ಗೊರಸನ್ನು ಮಂಡಿಯ ಮೇಲಿಟ್ಟುಕೊಂಡು ಕಬ್ಬಿಣದ ಕೊಕ್ಕೆಯಿಂದ ಒಳಗೆ ಮೆತ್ತಿದ್ದ ಮಣ್ಣು, ಹುಲ್ಲು, ಲದ್ದಿ ಕೆದಕಿ ತೆಗೆದರು. ಗೊರಸಿನ ನಡುವೆ ಮೂರು ಮೂಲೆಯ ಮೆತ್ತನೆಯ ಭಾಗವೊಂದು ಇರುತ್ತದೆ. ಅದರ ಅಕ್ಕಪಕ್ಕದ ಸಂದಿಯನ್ನು ಕೆದಕುವಾಗ ಕೊಕ್ಕೆಯ ಮೊನೆ ಒಳಮುಖವಾಗಿರದೆ ಹೊರಮುಖವಾಗಿತ್ತು. ಕೊನೆಗೆ ತಲೆ ಬಗ್ಗಿಸಿ ಗೊರಸನ್ನು ಮೂಸಿ ನೋಡಿದರು.

“ಯಾಕೆ ಯಜಮಾನ್ರೇ?”

“ಒಳಗೆ ಕೊಳೀತಿದ್ರೆ ಕಣ್ಣಿಗೆ ಕಾಣಕ್ ಮುಂಚೆ ಮೂಗಿಗೆ ಗೊತ್ತಾಗುತ್ತೆ ಸ್ವಾಮಿ. ಕಾಲು ಹೋದ್ರೆ ಕುದ್ರೆ ಹೋದಂಗೆ.”

ಮರಿಗಳ ಬಗ್ಗೆ ಕೇಳಿದೆ. ಕುದುರೆ ಹನ್ನೊಂದು ತಿಂಗಳು ಹೊರುತ್ತದೆ. “ಹಗಲೊತ್ತು ಈಯೋದು ಕಮ್ಮಿ. ನಾವು ಇದ್ದೀವಿ ಅಂತ ಗೊತ್ತಾದ್ರೆ ತಡೀತವೆ. ಸ್ವಲ್ಪ ಆ ಕಡೆ ಹೋದ್ವಾ, ಈದು ಬಿಟ್ಟಿರ್ತವೆ. ಒಂದೆರಡು ಗಂಟೇಲಿ ಮರಿ ಎದ್ದು ನಿಲ್ಲಬೇಕು, ಹಾಲು ಕುಡೀಬೇಕು. ನಿಲ್ದೇ ಇದ್ರೆ ಡಾಕ್ಟ್ರಿಗೆ ಫೋನು.” ರೇಸಿನ ಕುದುರೆ ವರ್ಷದಲ್ಲಿ ಯಾವಾಗಲೇ ಹುಟ್ಟಲಿ, ಲೆಕ್ಕಕ್ಕೆ ಜನವರಿ 1 ಅದರ ಹುಟ್ಟುಹಬ್ಬ. ಹಾಗಾಗಿ ಡಿಸೆಂಬರಿನ ಕೊನೆಯಲ್ಲಿ ಹುಟ್ಟಿದ ಮರಿಗೆ ಕೆಲವೇ ದಿನಕ್ಕೆ ಒಂದು ವರ್ಷ ತುಂಬಿಬಿಡುತ್ತದೆ. ಅಂಥ ಪೆಟ್ಟು ಬೀಳದಿರಲೆಂದು ಗಂಡು ಬಿಡುವ ಕಾಲವನ್ನೇ ಲೆಕ್ಕ ಹಾಕಿ ಗೊತ್ತುಮಾಡುತ್ತಾರೆ. ರೇಸ್ ಕುದುರೆಯ ಈ ಜಾತಿಯಲ್ಲಿ ಕೃತಕ ಗರ್ಭಧಾರಣೆ ಮಾಡಿಸಿದ ಮರಿಗೆ ನೋಂದಣಿಯೇ ಇಲ್ಲ. ಪುಣೆಯಲ್ಲಿರುವ ವಂಶಾವಳಿ ಪುಸ್ತಕದಲ್ಲಿ ತಾಯಿ, ತಂದೆ ಎರಡೂ ಕಡೆಯ ಹೆಸರು ಸಿಗದಿದ್ದರೆ ಆ ಕುದುರೆಗೆ ರೇಸ್ ಕೋರ್ಸಿನಲ್ಲಿ ಜಾಗವಿಲ್ಲ. ನಮ್ಮ ಹಳ್ಳಿಯ ಯಾವ ಕುಲದವರಿಗೂ ಇಷ್ಟು ಹಳೆಯ, ಇಷ್ಟು ಚೊಕ್ಕ ವಂಶಾವಳಿ ಇಲ್ಲ.

ಆ ವಂಶಾವಳಿಯ ಬುಡಕ್ಕೆ ಹೋದರೆ ಸಿಗುವುದು ಮೂರೇ ಗಂಡು ಕುದುರೆ, ಮೂರೂ ಪೂರ್ವದ ಕಡೆಯವು. 17ನೇ ಶತಮಾನದ ಕೊನೆಯಿಂದ 18ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿಗೆ ಹೋದವು. ಅವುಗಳಲ್ಲೊಂದನ್ನು ಸಿರಿಯಾದ ಅಲೆಪ್ಪೊದಲ್ಲಿ ಕೊಂಡು ಸಾಗಿಸಿದ್ದರು. ಅರಬ್ಬಿ ರಕ್ತ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ನರಿಬೇಟೆ, ಜೂಜು, ಶ್ರೀಮಂತಿಕೆಯಲ್ಲಿ ಪಳಗಿ, ಹಡಗು ಹತ್ತಿ ಮತ್ತೆ ಕುಣಿಗಲ್ಲಿಗೆ ಬಂದಿದೆ. ನೇರವಾಗಿ ಅರಬ್ ದೇಶದಿಂದ ಇಲ್ಲಿಗೆ ಕುದುರೆ ಬರುತ್ತಿದ್ದ ದಾರಿಯೂ ಒಂದಿತ್ತು. ವಿಜಯನಗರಕ್ಕೆ ಭಟ್ಕಳದ ಬಂದರಿನಿಂದ ಕುದುರೆ ಬರುತ್ತಿತ್ತು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿರುವ ಪ್ರಕಾರ ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ. ಬಾಲ ತಂದು ತೋರಿಸಿದರೆ ಸಾಕು. ದಕ್ಷಿಣದ ರಾಜರಿಗೆ ಕುದುರೆ ಸಾಕುವುದಕ್ಕಿಂತ ಕೊಳ್ಳುವುದೇ ರೂಢಿಯಾಗಿತ್ತು. ಖಜಾನೆ ಖಾಲಿಯಾಗುವುದೂ ಅಲ್ಲಿಯೇ.

ಕೊಳ್ಳುವ ಬದಲು ಇಲ್ಲೇ ಬೆಳೆಸಬೇಕೆಂದು ಹೊರಟವನು ಟಿಪ್ಪು ಎನ್ನುತ್ತದೆ ಕುಣಿಗಲ್ಲಿನ ಪ್ರತೀತಿ. ತನ್ನ ಅಶ್ವದಳಕ್ಕಾಗಿ 1790ರ ದಶಕದಲ್ಲಿ ಇಲ್ಲಿ ತಳಿ ಬೆಳೆಸಲು ಶುರು ಮಾಡಿದ ಎನ್ನುತ್ತಾರೆ. ಆ ದಶಕ ಅವನಿಗೆ ಎಂಥದ್ದು ಎನ್ನುವುದನ್ನು ನೆನೆದರೆ ಪ್ರತೀತಿಗೆ ಒಂದು ಅರ್ಥ ಹುಟ್ಟುತ್ತದೆ. ಆ ದಶಕದ ಯುದ್ಧದ ಆರಂಭಕ್ಕೆ ಡಚ್ಚರ ಕೈಯೂ ಇತ್ತು. 1789ರಲ್ಲಿ ಡಚ್ ಕಂಪನಿ ಕೊಡುಂಗಲ್ಲೂರಿನ ಕೋಟೆಯನ್ನೂ ಅದರ ಪಕ್ಕದ ಇನ್ನೊಂದನ್ನೂ ತಿರುವಾಂಕೂರಿನ ರಾಜನಿಗೆ ಮಾರಿತು. ಅದು ನನ್ನ ಅಧೀನದ ಸೀಮೆ ಎಂದು ಟಿಪ್ಪು ತಕರಾರು ತೆಗೆದ, ವರ್ಷದ ಕೊನೆಗೆ ತಿರುವಾಂಕೂರಿನ ಗಡಿಗೋಡೆಯ ಮೇಲೆ ನುಗ್ಗಿದ. ಇಂಗ್ಲಿಷರಿಗೆ ಅದೇ ನೆಪವಾಯಿತು, ಮೂರನೇ ಮೈಸೂರು ಯುದ್ಧ ಶುರುವಾಯಿತು. ವಾನ್ ರೀಡೆ ಗಿಡಮರ ಬರೆಸಿದ ಅದೇ ಮಲಬಾರಿನಲ್ಲಿ ನೂರು ವರ್ಷದ ನಂತರ ಅವನ ಕಂಪನಿ ಕೋಟೆ ಮಾರಿಕೊಂಡು ಗಂಟುಮೂಟೆ ಕಟ್ಟುತ್ತಿತ್ತು.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದ. ಆದರೆ ಫಿರಂಗಿ ಎಳೆಯುವ ಎತ್ತುಗಳು ಸಾವಿರಗಟ್ಟಲೆ ಸತ್ತವು. ಮಳೆ, ಮೇವಿಲ್ಲ, ಅಕ್ಕಿಯಿಲ್ಲ. ದೊಡ್ಡ ಫಿರಂಗಿಗಳನ್ನು ಅಲ್ಲೇ ಹಾಳುಮಾಡಿ ಹಿಂದಿರುಗಿದ. ಹಿಂದಿರುಗುವ ದಾರಿಯಲ್ಲಿ ಇಂಗ್ಲಿಷ್ ಸೇನೆ ಹಿಡಿದದ್ದು ಇದೇ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ. ಅದೇ ವರ್ಷದ ಡಿಸೆಂಬರಿನಲ್ಲಿ ಹುತ್ರಿದುರ್ಗ. ಮರುವರ್ಷ ಮಾರ್ಚಿಗೆ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಹೀಗೆ ಯುದ್ಧದ ಕಾಲ್ತುಳಿತ ಕಂಡ ಸೀಮೆಯಲ್ಲಿ, ಉಳಿದ ಅರ್ಧ ರಾಜ್ಯದಲ್ಲಿ, ಕುದುರೆ ಸಾಕಲು ಹುಲ್ಲು ನೀರು ಹುಡುಕಿದವನಿಗೆ ದೊಡ್ಡ ಕೆರೆಯ ಪಕ್ಕದ ಕುಣಿಗಲ್ ಕಂಡಿದ್ದರೆ ಆಶ್ಚರ್ಯವಿಲ್ಲ. ಅಲ್ಲಿಂದ ಶ್ರೀರಂಗಪಟ್ಟಣಕ್ಕೂ ಬೆಂಗಳೂರಿಗೂ ಎರಡು ದಿನದ ಹಾದಿ.

1799ರಲ್ಲಿ ಟಿಪ್ಪು ಮಡಿದ ನಂತರ ಕುದುರೆಗಳ ಯಜಮಾನ ಬದಲಾದ. ಇಂಗ್ಲಿಷ್ ಕಂಪನಿಯ ಸೈನ್ಯಕ್ಕೂ ಕುದುರೆ ಬೇಕಿತ್ತು, ಮೈಸೂರಿನ ಅರಸರಿಗೂ ಬೇಕಿತ್ತು. 1807ರ ಒಪ್ಪಂದದ ಪ್ರಕಾರ ಮೈಸೂರು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕಾಗಿತ್ತು. ಅವರೇ ಸಿಲ್ಲೇದಾರರು. ಕುದುರೆ, ಕತ್ತಿ, ಜೀನು ಎಲ್ಲ ಸವಾರನದೇ. ಸರ್ಕಾರದ್ದು ಸಂಬಳ ಮಾತ್ರ. ಕುದುರೆ ಸತ್ತರೆ ಸವಾರನ ಅನ್ನ ಹೋಯಿತು. ಆದ್ದರಿಂದ ಯುದ್ಧದಲ್ಲಿ ಸಿಲ್ಲೇದಾರ ತನ್ನ ಪ್ರಾಣಕ್ಕಿಂತ ಕುದುರೆಯ ಮೇಲೆ ಹೆಚ್ಚು ಕಣ್ಣಿಟ್ಟಿರುತ್ತಿದ್ದ ಎಂದು ಹಾಸ್ಯ ಮಾಡಬಹುದು. ಆದರೆ 1817ರಲ್ಲಿ ಮಹೀದ್‌ಪುರದ ಕಾಳಗದವರೆಗೂ ಹೋಗಿ ಕಾದಾಡಿದವರು ಇದೇ ಮೈಸೂರಿನ ಸಿಲ್ಲೇದಾರರು. ಇವರಿಗೆ ಒಳ್ಳೆಯ ತಳಿಯ ಕುದುರೆ ಒದಗಿಸಲು 19ನೇ ಶತಮಾನದುದ್ದಕ್ಕೂ ಕುಣಿಗಲ್ಲಿನ ಲಾಯ ದುಡಿಯಿತು. ಅದೇ ಪರಂಪರೆಯಿಂದ ಮುಂದೆ ಮೈಸೂರ್ ಲ್ಯಾನ್ಸರ್ಸ್ ದಳ ರೂಪುಗೊಂಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ದಳಗಳಲ್ಲಿ ಅದೂ ಒಂದು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮವನು.

ಕುದುರೆಯ ಕತೆಯ ಪಕ್ಕದಲ್ಲೇ ಎತ್ತಿನ ಕತೆಯೂ ಇದೆ. ನನ್ನನ್ನು ಹೆಚ್ಚು ಕಾಡಿದ್ದು ಅದೇ. ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಟಿಪ್ಪು ಅಮೃತಮಹಲ್ ಎಂದು ಹೆಸರಿಸಿ ಬೆಳೆಸಿದ. ಕಾರ್ನ್‌ವಾಲಿಸನ ಎತ್ತುಗಳು ಸಾಯುತ್ತಿದ್ದಾಗ ಟಿಪ್ಪುವಿನ ಫಿರಂಗಿಗಳು ಓಡುತ್ತಿದ್ದದ್ದು ಈ ಎತ್ತುಗಳಿಂದ. ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ ಈ ತಳಿಯ ಶಕ್ತಿಯನ್ನು ಕಣ್ಣಾರೆ ಕಂಡು ಮೆಚ್ಚಿದವನು. 1813ರಲ್ಲಿ ಮದರಾಸು ಸೈನ್ಯ ಇಡೀ ಅಮೃತಮಹಲನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಆಮೇಲೆ 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್‌ಗೆ ಖರ್ಚು ಕಡಿಮೆ ಮಾಡುವ ಹುರುಪು. ಯುದ್ಧ ಮುಗಿದಿದೆ, ರೈಲು ಬರುತ್ತಿದೆ, ದನ ಸಾಕುವುದು ಸರ್ಕಾರದ ಕೆಲಸವೇ? ಹಿಂಡನ್ನು ಮಾರಿಬಿಟ್ಟರು. ಒಂದು ಭಾಗ ಈಜಿಪ್ಟಿನ ಪಾಷಾನ ಕಡೆಗೂ ಹೋಯಿತು. ಆರೇ ವರ್ಷ. 1866ರಲ್ಲಿ ಎತ್ತು ಸಿಗುತ್ತಿಲ್ಲ, ಸಿಕ್ಕರೂ ತಳಿ ಕೆಟ್ಟಿದೆ ಎಂದು ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ನೂರು ವರ್ಷ ಆಯ್ದು ಆಯ್ದು ಬೆಳೆಸಿದ್ದನ್ನು ಒಂದೇ ಹರಾಜಿನಲ್ಲಿ ಕಳೆದು, ಊರೂರಿನಲ್ಲಿ ಅಳಿದುಳಿದದ್ದನ್ನು ಹುಡುಕಿ ತಂದರು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು.

ದನಗಳಿಗೆ ಮೇಯಲು ಮೀಸಲಾಗಿದ್ದ ಹುಲ್ಲುಗಾವಲುಗಳೇ ಕಾವಲುಗಳು. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರಿನಲ್ಲಿ ಹರಡಿದ್ದ ಈ ಕಾವಲುಗಳು ಖಾಲಿ ಜಾಗವೆಂದು ಕಂದಾಯ ಇಲಾಖೆಯ ಕಣ್ಣಿಗೆ ಕಾಣುತ್ತ ಬಂದಿವೆ. ಚಳ್ಳಕೆರೆಯ ಬಳಿ ಸುಮಾರು 10,000 ಎಕರೆ ಕಾವಲು ರಕ್ಷಣೆ, ವಿಜ್ಞಾನ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸಿನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿ 3ರಂದು ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಹೆಲಿಕಾಪ್ಟರ್ ಬೇಡವೆನ್ನಲು ನಾನು ಯಾರು? ಜಿಲ್ಲೆಯ ಹುಡುಗರಿಗೆ ಕೆಲಸ ಬೇಕು. ಆದರೆ ಹುಲ್ಲು ಬೆಳೆದಿರುವ ನೆಲ ಖಾಲಿ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಹುಲ್ಲಿಗೆ ಕುರಿಗಾಹಿಯಿದ್ದಾನೆ, ತೋಳವಿದೆ, ಎರ್ಲಡ್ಡು ಹಕ್ಕಿಯಿತ್ತು.

ಕುಣಿಗಲ್ಲಿನ ಫಾರಂ ಈ ಗತಿಯಿಂದ ತಪ್ಪಿಸಿಕೊಂಡದ್ದು ಕುದುರೆಗೆ ಬೇರೊಂದು ಕೆಲಸ ಸಿಕ್ಕಿದ್ದರಿಂದ. ಕಾಳಗ ಮುಗಿಯಿತು, ಜೂಜು ಉಳಿಯಿತು. ಮೈಸೂರಿನ ರೇಸ್ ಕ್ಲಬ್ 1891ರಲ್ಲಿ, ಬೆಂಗಳೂರಿನ ಟರ್ಫ್ ಕ್ಲಬ್ 1921ರಲ್ಲಿ ಶುರುವಾದವು. ಮೈಸೂರು ಸರ್ಕಾರದ, ನಂತರ ಕರ್ನಾಟಕ ಸರ್ಕಾರದ ಪಶುಸಂಗೋಪನೆ ಇಲಾಖೆ ಫಾರಮನ್ನು ನಡೆಸಿತು. 1992ರಲ್ಲಿ ಮಲ್ಯ ಅವರ ಯುನೈಟೆಡ್ ಬ್ರೂವರೀಸ್ ಸಮೂಹದ ಕಂಪನಿಗೆ 30 ವರ್ಷದ ಲೀಸಿಗೆ ಕೊಟ್ಟರು. ವಿದೇಶದಿಂದ ಗಂಡು ಕುದುರೆಗಳು ಬಂದವು, ಇಲ್ಲಿ ಹುಟ್ಟಿದ ಮರಿಗಳು ದೇಶದ ರೇಸ್ ಕೋರ್ಸುಗಳಿಗೆ ಹೋದವು. 2022ಕ್ಕೆ ಲೀಸಿನ ಅವಧಿ ಮುಗಿಯಿತು. 2024ರಲ್ಲಿ ಇಲ್ಲಿ ಟೌನ್‌ಶಿಪ್ ಮಾಡುವ ಸರ್ಕಾರದ ಪ್ರಸ್ತಾಪ ಸುದ್ದಿಯಾಯಿತು. ರೇಸಿನವರು, ಪರಂಪರೆಯ ಕಾಳಜಿಯವರು ವಿರೋಧಿಸಿದರು. ಬೆಂಗಳೂರಿನಿಂದ 70 ಕಿಲೋಮೀಟರ್, ಪಕ್ಕದಲ್ಲಿ ಮಂಗಳೂರು ಹೆದ್ದಾರಿ, 2017ರಿಂದ ಊರಿಗೆ ಬೆಂಗಳೂರು–ಹಾಸನ ರೈಲು. 421 ಎಕರೆ ಒಂದೇ ತುಂಡು. ಯಾವ ಬಿಲ್ಡರಿನ ಬಾಯಲ್ಲಿ ನೀರೂರುವುದಿಲ್ಲ?

ಕುದುರೆ ರೇಸಿನ ಬಗ್ಗೆ ನನಗೆ ಪ್ರೀತಿಯಿಲ್ಲ. ರೇಸಿನಲ್ಲಿ ಸಂಬಳ, ಹೊಲ, ಹೆಂಡತಿಯ ಮಾಂಗಲ್ಯ ಕಳೆದುಕೊಂಡವರನ್ನು ತುಮಕೂರಿನಲ್ಲೂ ಕಂಡಿದ್ದೇನೆ. ಫಾರಂ ಉಳಿಯಲಿ ಎನ್ನುವುದು ಶ್ರೀಮಂತರ ಮೋಜು ಉಳಿಯಲಿ ಎಂದಂತೆ ಎಂದು ಹೋಟೆಲಿನ ಆ ಮೂರನೆಯವರು ಹೇಳಿದ್ದರಲ್ಲಿ ಹುರುಳಿದೆ. ಜೊತೆಗೆ ಇನ್ನೊಂದು ಮಾತು ಅವರು ಹೇಳಿದರು: “ನಮ್ಮೂರಿನ ಜಾಗ ಅಂತೀರಿ, ನಾನು ಒಂದ್ ದಿನಾನೂ ಒಳಗೆ ಕಾಲಿಟ್ಟಿಲ್ಲ. ಹೋದರೆಷ್ಟು ಇದ್ದರೆಷ್ಟು?” ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಡಚ್ಚರ 1928ರ ಕಾಯಿದೆ ಉತ್ತರ ಕೊಡುವುದು ಇದಕ್ಕೇ. ಅಲ್ಲಿ ಖಾಸಗಿ ಜಮೀನ್ದಾರನೂ ರಿಯಾಯಿತಿ ಬೇಕಾದರೆ ತನ್ನ ಮರದ ನೆರಳನ್ನು ಊರಿಗೆ ಬಿಟ್ಟುಕೊಡಬೇಕು. ಇಲ್ಲಿ ಸರ್ಕಾರದ್ದೇ ನೆಲ, ನಮ್ಮದೇ ನೆಲ, ಎರಡು ಶತಮಾನದಿಂದ ಬೇಲಿಯಾಚೆ. ಸುಲ್ತಾನನ ಕಾಲಕ್ಕೆ ಗುಟ್ಟು, ಸೈನ್ಯದ ಕಾಲಕ್ಕೆ ಶಿಸ್ತು, ಲೀಸಿನ ಕಾಲಕ್ಕೆ ವ್ಯವಹಾರ. ಕಾರಣ ಬೇರೆಬೇರೆ, ಗೇಟು ಒಂದೇ. ಕಣ್ಣಾರೆ ಕಾಣದ್ದನ್ನು ಉಳಿಸಿಕೊಳ್ಳಿ ಎಂದು ಜನರನ್ನು ಕೇಳುವುದು ಹೇಗೆ?

ಹೊರಡುವಾಗ ಸೈಸ್ ಯಜಮಾನರನ್ನು ಕೇಳಿದೆ, ಫಾರಂ ಮುಚ್ಚಿದರೆ ಏನು ಮಾಡುತ್ತೀರಿ ಎಂದು. ಅವರು ಲೂಸರ್ನ್ ಸೊಪ್ಪಿನ ಕಂತೆ ಬಿಚ್ಚುತ್ತಿದ್ದರು. “ನನ್ನ ಕಾಲ ಮುಗೀತು ಸ್ವಾಮಿ. ಮಗ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ. ಆದ್ರೆ ಈ ಕೆಲಸ ಗೊತ್ತಿರೋರು ಆಮೇಲೆ ಬೇಕೂ ಅಂದ್ರೆ ಎಲ್ಲಿಂದ ತರ್ತಾರೆ?” 1866ರಲ್ಲಿ ಅಮೃತಮಹಲ್ ಇಲಾಖೆಯವರು ಕೇಳಿಕೊಂಡಿದ್ದೂ ಬಹುಶಃ ಇದೇ ಪ್ರಶ್ನೆ. ಕಟ್ಟಡ ಬಿದ್ದರೆ ಕಟ್ಟಬಹುದು. ಗೊರಸನ್ನು ಮೂಸಿ ರೋಗ ಹೇಳುವ ಮೂಗು ಟೆಂಡರಿನಲ್ಲಿ ಸಿಗುವುದಿಲ್ಲ.

ಸರ್ಕಾರದ ಮುಂದೆ ನನ್ನದು ಸಣ್ಣ ಬೇಡಿಕೆ. ಆ 421 ಎಕರೆಯಲ್ಲಿ ಇರುವುದೇನು ಎಂದು ಮೊದಲು ಪಟ್ಟಿ ಮಾಡಿಸಿ: ಯಾವ ಲಾಯ ಯಾವ ಕಾಲದ್ದು, ಎಷ್ಟು ಮರ, ಯಾವ ಜಾತಿ, ಎಷ್ಟು ವಯಸ್ಸು, ಕಚೇರಿಯ ಕಪಾಟಿನಲ್ಲಿ ಯಾವ ಯಾವ ರಿಜಿಸ್ಟರು, ಎಷ್ಟು ಕುಟುಂಬ ತಲೆಮಾರುಗಳಿಂದ ದುಡಿದಿವೆ. ಪುರಾತತ್ವದವರು, ಅರಣ್ಯದವರು, ಪಶುವೈದ್ಯರು ಕೂತು ಮಾಡಿದರೆ ದೊಡ್ಡ ಕೆಲಸವೇನಲ್ಲ. ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕುಣಿಗಲ್ಲಿನ ಗ್ರಂಥಾಲಯದಲ್ಲಿಡಿ. ಕುದುರೆಗಳಿಗೆ ತೊಂದರೆಯಾಗದಂತೆ ಒಂದು ಹಾದಿ ಗೊತ್ತುಮಾಡಿ, ವಾರಕ್ಕೊಂದು ದಿನ ಶಾಲೆಯ ಮಕ್ಕಳನ್ನಾದರೂ ಒಳಗೆ ಬಿಡಿ. ಆಮೇಲೆ ಊರವರನ್ನು ಕೇಳಿ. ಅಲ್ಲಿಯವರೆಗೆ ಲೀಸಾಗಲಿ, ಟೌನ್‌ಶಿಪ್ ಆಗಲಿ, ಯಾವ ಕಾಗದಕ್ಕೂ ಸಹಿ ಬೀಳಬಾರದು.